ಪರದೇಶದ ವಿಪತ್ತಿನಲ್ಲಿ ಸೇನೆ ‘ಕೊನೆಯ ಆಯ್ಕೆ’ ಎನ್ನುವುದಾದರೆ, ಅದೇ ಮೊದಲು ತಲುಪುವುದೇಕೆ?

ಅರಳಿಮರ (ಚರ್ಚೆ ಆರಂಭಿಸಿದವರು):
ಓಸ್ಲೋ ಮಾರ್ಗಸೂಚಿಯನ್ನು ಈ ವಾರ ಮೊದಲಿನಿಂದ ಕೊನೆಯವರೆಗೆ ಓದಿದೆ. ಒಂದು ದೇಶದಲ್ಲಿ ಪ್ರಕೃತಿ ವಿಕೋಪ ಸಂಭವಿಸಿದಾಗ ಹೊರದೇಶಗಳ ಸೇನೆ ಹಾಗೂ ನಾಗರಿಕ ರಕ್ಷಣಾ ಪಡೆಗಳ ಸಿಬ್ಬಂದಿ, ವಾಹನ, ಸಲಕರಣೆಗಳನ್ನು ಯಾವ ಷರತ್ತಿನ ಮೇಲೆ ಬಳಸಿಕೊಳ್ಳಬೇಕು ಎಂಬುದನ್ನು ಹೇಳುವ ಈ ದಾಖಲೆ 1994ರಲ್ಲಿ ಹೊರಬಂದು, 2006ರಲ್ಲಿ ಪರಿಷ್ಕರಣೆಗೊಂಡು, 2007ರಲ್ಲಿ ಇನ್ನೊಮ್ಮೆ ತಿದ್ದುಪಡಿ ಕಂಡಿದೆ. ಇದಕ್ಕೆ ಕಾನೂನಿನ ಬಲವಿಲ್ಲ. ದೇಶಗಳು ಒಪ್ಪಿ ನಡೆದುಕೊಂಡಷ್ಟೇ ಇದರ ಬೆಲೆ. ಇದರ ತಿರುಳು ಇಷ್ಟು: ಅದೇ ಕೆಲಸವನ್ನು ಮಾಡಬಲ್ಲ ನಾಗರಿಕ ವ್ಯವಸ್ಥೆ ಲಭ್ಯವಿಲ್ಲದಿದ್ದಾಗ ಮಾತ್ರ ವಿದೇಶಿ ಸೇನೆಯ ನೆರವನ್ನು ಪಡೆಯಬೇಕು, ಅಂದರೆ ಸೇನೆ ಕೊನೆಯ ಆಯ್ಕೆ.

ನನ್ನ ಗೊಂದಲ ಇಲ್ಲಿಯೇ ಹುಟ್ಟುತ್ತದೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಭಾರತದ ನೌಕಾಪಡೆ, ತನ್ನದೇ ಕರಾವಳಿ ಮತ್ತು ಅಂಡಮಾನ್ ನಿಕೋಬಾರ್ ದ್ವೀಪಗಳು ತತ್ತರಿಸಿದ್ದಾಗಲೂ, ಶ್ರೀಲಂಕಾ, ಮಾಲ್ಡೀವ್ಸ್ ಮತ್ತು ಇಂಡೋನೇಷ್ಯಾಗಳಿಗೆ ಹಡಗುಗಳನ್ನು ಕಳುಹಿಸಿತು. 2013ರ ನವೆಂಬರ್‌ನಲ್ಲಿ ಹೈಯಾನ್ ಚಂಡಮಾರುತ ಫಿಲಿಪ್ಪೀನ್ಸ್‌ನ ಟಕ್ಲೋಬಾನ್ ನಗರವನ್ನು ನೆಲಸಮ ಮಾಡಿದಾಗ ಅಮೆರಿಕದ ವಿಮಾನವಾಹಕ ನೌಕೆ ಬಂದು ನಿಂತಿತು. 2019ರ ಮಾರ್ಚ್‌ನಲ್ಲಿ ಮೊಜಾಂಬಿಕ್‌ನ ಬೈರಾ ನಗರ ಇಡಾಯ್ ಚಂಡಮಾರುತಕ್ಕೆ ಸಿಕ್ಕಾಗ ಸುಜಾತಾ, ಶಾರ್ದೂಲ್, ಸಾರಥಿ ಎಂಬ ಭಾರತದ ಮೂರು ಹಡಗುಗಳು ಮೊದಮೊದಲು ತಲುಪಿದವುಗಳ ಪೈಕಿ ಇದ್ದವು. ಎಲ್ಲೆಡೆಯೂ ಮೊದಲ ದಿನಗಳಲ್ಲಿ ಜನರಿಗೆ ಕಂಡದ್ದು ಸಮವಸ್ತ್ರವೇ ಆಗಿರುವಾಗ, ‘ಕೊನೆಯ ಆಯ್ಕೆ’ ಎಂಬ ಮಾತು ಕಾಗದದ ಮೇಲಷ್ಟೇ ಉಳಿದಿದೆಯೇ? ಮೊದಲು ಬಂದವರಿಗೇ ಮುಂದಾಳತ್ವವನ್ನೂ ವಹಿಸಿಬಿಟ್ಟರೆ ತಪ್ಪೇನು? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ದೀಪಸ್ತಂಭ:
ನಾನು ಸೇನಾ ಸಾರಿಗೆ ವಿಮಾನಗಳ ವಿಭಾಗದಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ಅರಳಿಮರ ಅವರೇ, ‘ಕೊನೆಯ’ ಎಂಬ ಪದವನ್ನು ನೀವು ದಿನಗಳ ಲೆಕ್ಕದಲ್ಲಿ ಓದಿದ್ದೀರಿ ಎಂದು ನನಗೆ ಅನಿಸುತ್ತದೆ. ಎಲ್ಲರೂ ಸೋತ ಮೇಲೆ ಸೇನೆ ಬರಲಿ ಎಂದು ಆ ದಾಖಲೆ ಹೇಳುವುದಿಲ್ಲ. ರಸ್ತೆಗಳೆಲ್ಲ ಕುಸಿದು, ಬಾಡಿಗೆಗೆ ಒಂದು ಹೆಲಿಕಾಪ್ಟರೂ ಸಿಗದ ಎರಡನೆಯ ದಿನ ಸೇನೆಯ ಹೆಲಿಕಾಪ್ಟರ್‌ಗೆ ಸಾಟಿಯಾದ ನಾಗರಿಕ ವ್ಯವಸ್ಥೆಯೇ ಇರುವುದಿಲ್ಲವಾದ್ದರಿಂದ, ಆ ದಿನ ಅದನ್ನು ಕರೆಯುವುದು ಮಾರ್ಗಸೂಚಿಗೆ ಅನುಗುಣವಾದ ನಡೆಯೇ ಆಗುತ್ತದೆ. ಇಪ್ಪತ್ತನೆಯ ದಿನ ಲಾರಿಗಳು ಓಡಾಡತೊಡಗಿದ ಮೇಲೂ ಅದೇ ಹೆಲಿಕಾಪ್ಟರಿನಲ್ಲಿ ಅಕ್ಕಿ ಮೂಟೆ ಸಾಗಿಸುತ್ತಿದ್ದರೆ ಆಗ ಪ್ರಶ್ನೆ ಏಳಬೇಕು.

ಇನ್ನೊಂದು ಸಂಗತಿಯನ್ನು ಅನೇಕರು ಗಮನಿಸುವುದಿಲ್ಲ. ಆ ದಾಖಲೆ ನೆರವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಸೈನಿಕರು ತಾವೇ ಜನರ ಕೈಗೆ ಸಾಮಗ್ರಿ ಕೊಡುವುದು ನೇರ ನೆರವು. ಸಾಮಗ್ರಿಯನ್ನೋ ಪರಿಹಾರ ಸಿಬ್ಬಂದಿಯನ್ನೋ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿ, ಹಂಚಿಕೆಯನ್ನು ನಾಗರಿಕರಿಗೆ ಬಿಡುವುದು ಪರೋಕ್ಷ ನೆರವು. ರಸ್ತೆ ದುರಸ್ತಿ, ವಾಯುಸಂಚಾರ ನಿಯಂತ್ರಣ, ವಿದ್ಯುತ್ ಉತ್ಪಾದನೆಯಂಥವು ಮೂಲಸೌಕರ್ಯದ ನೆರವು. ಸೈನಿಕರು ಜನರಿಗೆ ನೇರವಾಗಿ ಎದುರಾಗದ ಕೆಲಸಗಳೇ ಅವರಿಗೆ ಹೆಚ್ಚು ತಕ್ಕವು ಎಂಬ ನಿಲುವು ಅದರಲ್ಲಿದೆ, ಮತ್ತು ನನ್ನ ಅನುಭವವೂ ಅದನ್ನೇ ಹೇಳುತ್ತದೆ.

ಮುಂಗಾರುಮೋಡ:
ಹಸಿದು ಮಾಳಿಗೆಯ ಮೇಲೆ ಕುಳಿತವರು ನೀರು ತಂದವರ ಬಟ್ಟೆಯ ಬಣ್ಣವನ್ನು ನೋಡುವುದಿಲ್ಲ. ಈ ವರ್ಗೀಕರಣಗಳೆಲ್ಲ ಕಚೇರಿಯಲ್ಲಿ ಕುಳಿತವರ ಚಿಂತೆ.

ಹಾದಿಹೋಕ:
ಮುಂಗಾರುಮೋಡ ಅವರ ಮಾತನ್ನು ನಾನು ಒಪ್ಪುವುದಿಲ್ಲ. ಸ್ವಯಂಸೇವಾ ಸಂಸ್ಥೆಯೊಂದರ ಪರವಾಗಿ ಉಗ್ರಾಣ ಮತ್ತು ಸಾಗಣೆಯ ಕೆಲಸ ಮಾಡಿದ್ದೇನೆ. ಬಟ್ಟೆಯ ಬಣ್ಣವನ್ನು ಜನ ನೋಡುತ್ತಾರೆ. ಮೊದಲ ದಿನ ನೋಡದಿದ್ದರೂ ಮೂರನೆಯ ವಾರ ಖಂಡಿತ ನೋಡುತ್ತಾರೆ. ಸುನಾಮಿ ಬಡಿದಾಗ ಇಂಡೋನೇಷ್ಯಾದ ‘ಆಚೆ’ (Aceh) ಎಂಬ ಪ್ರಾಂತ್ಯದಲ್ಲಿ ಪ್ರತ್ಯೇಕತಾವಾದಿಗಳಿಗೂ ಸರ್ಕಾರಕ್ಕೂ ವರ್ಷಗಳಿಂದ ಹೋರಾಟ ನಡೆದಿತ್ತು. ಹೆಲ್ಸಿಂಕಿಯಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು 2005ರ ಆಗಸ್ಟ್‌ನಲ್ಲಿ, ಅಂದರೆ ಎಂಟು ತಿಂಗಳ ನಂತರ. ಶ್ರೀಲಂಕಾದಲ್ಲೂ ಆಗ ಕದನವಿರಾಮ ತೂಗುಯ್ಯಾಲೆಯಲ್ಲಿತ್ತು. ಅಂಥ ನೆಲದಲ್ಲಿ ಸೇನಾ ವಾಹನದಿಂದ ಇಳಿದ ಪರಿಹಾರ ಕಾರ್ಯಕರ್ತನನ್ನು ಒಂದು ಊರಿನವರು ತಮ್ಮವನೆಂದೂ ಪಕ್ಕದ ಊರಿನವರು ಶತ್ರುವೆಂದೂ ಕಾಣುವ ಸಾಧ್ಯತೆ ಇರುತ್ತದೆ. ಸೈನಿಕರು ಕೆಲವು ವಾರಗಳಲ್ಲಿ ಹಿಂದಿರುಗುತ್ತಾರೆ, ಅದೇ ಊರುಗಳಲ್ಲಿ ಎರಡು ಮೂರು ವರ್ಷ ಕೆಲಸ ಮಾಡಬೇಕಾದವರು ನಾವು.

ದೀಪಸ್ತಂಭ:
ಸಂಘರ್ಷ ನಡೆಯುತ್ತಿರುವ ಪ್ರದೇಶಗಳಿಗೆ 2003ರಲ್ಲಿ ಬೇರೆಯೇ ಮಾರ್ಗಸೂಚಿ ಬಂದಿದೆ ಎಂಬುದನ್ನು ಇಲ್ಲಿ ಸೇರಿಸಬೇಕು. ಅದರ ಷರತ್ತುಗಳು ಓಸ್ಲೋ ಮಾರ್ಗಸೂಚಿಯವುಗಳಿಗಿಂತ ಬಿಗಿಯಾಗಿವೆ.

ಹಾದಿಹೋಕ:
ಹೌದು ಸರ್, ಎರಡನ್ನೂ ಓದಿದ್ದೇನೆ. ಭೂಕಂಪವು ಸಂಘರ್ಷವಿಲ್ಲದ ನೆಲವನ್ನೇ ಹುಡುಕಿಕೊಂಡು ಬರುವುದಿಲ್ಲವಲ್ಲ, ಅದೇ ನನ್ನ ತಕರಾರು. ‘ಆಚೆ’ ಪ್ರಾಂತ್ಯದಲ್ಲಿ ಯಾವ ಪುಸ್ತಕವನ್ನು ತೆರೆಯಬೇಕಿತ್ತು?

ಸೀಮೆಸುಣ್ಣ:
2001ರಲ್ಲಿ ಅಫ್ಘಾನಿಸ್ತಾನದ ಮೇಲೆ ಅಮೆರಿಕ ವಿಮಾನದಿಂದ ಉದುರಿಸಿದ ಆಹಾರದ ಪೊಟ್ಟಣಗಳೂ ಸಿಡಿಯದೆ ಉಳಿದ ಗೊಂಚಲು ಬಾಂಬಿನ ಕಿರುಬಾಂಬುಗಳೂ ಒಂದೇ ಹಳದಿ ಬಣ್ಣದಲ್ಲಿದ್ದವು. ಮಕ್ಕಳು ಒಂದನ್ನು ಇನ್ನೊಂದೆಂದು ಭಾವಿಸುವ ಅಪಾಯವನ್ನು ಮನಗಂಡು ಆಮೇಲೆ ಪೊಟ್ಟಣಗಳ ಬಣ್ಣವನ್ನು ಬದಲಿಸಬೇಕಾಯಿತು. ಬಾಂಬು ಹಾಕುವ ಕೈಯೇ ಅನ್ನವನ್ನೂ ಹಾಕಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ.

ಕಡಲಂಚು:
ಅದು ಯುದ್ಧದ ಪ್ರಸಂಗ, ವಿಪತ್ತಿನದಲ್ಲ. ದಯವಿಟ್ಟು ಚರ್ಚೆಯನ್ನು ಪ್ರಕೃತಿ ವಿಕೋಪಕ್ಕೇ ಸೀಮಿತಗೊಳಿಸೋಣ. ಅರಳಿಮರ ಅವರ ಎರಡನೆಯ ಪ್ರಶ್ನೆಗೆ, ಅಂದರೆ ಮುಂದಾಳತ್ವ ಯಾರದ್ದು ಎಂಬುದಕ್ಕೆ, ಇನ್ನೂ ಯಾರೂ ಉತ್ತರಿಸಿಲ್ಲ. ನನ್ನ ಉತ್ತರ ಹೈಟಿಯಲ್ಲಿದೆ. 2010ರ ಜನವರಿ 12ರ ಭೂಕಂಪದ ನಂತರ ಅಮೆರಿಕದ ಸೇನೆ ಪೋರ್ಟ್-ಔ-ಪ್ರಿನ್ಸ್ ವಿಮಾನ ನಿಲ್ದಾಣವನ್ನೇ ವಶಪಡಿಸಿಕೊಂಡಿತು, ತನ್ನ ವಿಮಾನಗಳನ್ನು ಇಳಿಸಿ ಆಸ್ಪತ್ರೆಯ ಸಾಮಗ್ರಿ ತಂದ ವಿಮಾನವನ್ನು ಆಚೆಗೆ ಅಟ್ಟಿತು. ಮೊದಲು ಬಂದವರಿಗೆ ಮುಂದಾಳತ್ವ ವಹಿಸಿದರೆ ಆಗುವುದು ಅದೇ.

ದೀಪಸ್ತಂಭ:
‘ವಶಪಡಿಸಿಕೊಂಡಿತು’ ಎಂಬ ಮಾತನ್ನು ತಿದ್ದಬೇಕು. ಅಲ್ಲಿಯ ನಿಯಂತ್ರಣ ಗೋಪುರ ಭೂಕಂಪದಲ್ಲಿ ನಿರುಪಯುಕ್ತವಾಗಿತ್ತು. ಹೈಟಿ ಸರ್ಕಾರದ ಒಪ್ಪಿಗೆಯ ಮೇಲೆಯೇ ಅಮೆರಿಕದ ವಾಯುಪಡೆಯ ಸಿಬ್ಬಂದಿ ರನ್‌ವೇ ಬದಿಯಲ್ಲಿ ರೇಡಿಯೊ ಹಿಡಿದು ವಿಮಾನಗಳನ್ನು ಇಳಿಸಲಾರಂಭಿಸಿದರು. ಒಂದೇ ರನ್‌ವೇ, ವಿಮಾನಗಳು ನಿಲ್ಲಲು ಸ್ವಲ್ಪವೇ ಜಾಗ. ಅಂಥ ನೆಲದಲ್ಲಿ ದಿನಕ್ಕೆ ನೂರಕ್ಕೂ ಹೆಚ್ಚು ವಿಮಾನಗಳನ್ನು ಇಳಿಸಿ ಏರಿಸಿದ ಕೆಲಸವನ್ನು, ಆ ವೃತ್ತಿಯನ್ನು ಬಲ್ಲವನಾಗಿ, ನಾನು ಮನಸಾರೆ ಗೌರವಿಸುತ್ತೇನೆ. ಅವರಿಲ್ಲದಿದ್ದರೆ ಆಕಾಶದಲ್ಲೇ ಇನ್ನೊಂದು ದುರಂತ ನಡೆಯಬಹುದಿತ್ತು.

ಹಾದಿಹೋಕ:
ದೀಪಸ್ತಂಭ ಸರ್, ವಿಮಾನಗಳನ್ನು ಇಳಿಸಿದ ಕೌಶಲದ ಬಗ್ಗೆ ನನಗೆ ಎರಡು ಮಾತಿಲ್ಲ. ಕಡಲಂಚು ಅವರು ಹೇಳಿದ ವಿಮಾನವೂ ನಿಜ. ಎಂಎಸ್ಎಫ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ನೆರವು ಸಂಸ್ಥೆಯ ಗಾಳಿ ತುಂಬುವ ಆಸ್ಪತ್ರೆಯನ್ನು ಹೊತ್ತಿದ್ದ ಸರಕು ವಿಮಾನವನ್ನು ಇಳಿಯಗೊಡದೆ ನೆರೆಯ ಡೊಮಿನಿಕನ್ ಗಣರಾಜ್ಯಕ್ಕೆ ತಿರುಗಿಸಲಾಯಿತು, ಸಾಮಗ್ರಿ ಅಲ್ಲಿಂದ ರಸ್ತೆಯಲ್ಲಿ ಬರಬೇಕಾಯಿತು. ಅವಶೇಷಗಳಡಿ ಕೈಕಾಲು ಜಜ್ಜಿಹೋದವರಿಗೆ ಆ ವಿಳಂಬದ ಅರ್ಥವೇನೆಂದು ವೈದ್ಯರನ್ನು ಕೇಳಬೇಕು.

ವಿಮಾನವನ್ನು ಹೇಗೆ ಇಳಿಸಬೇಕೆಂಬುದು ಸೈನಿಕನ ವಿದ್ಯೆ, ಯಾವುದನ್ನು ಮೊದಲು ಇಳಿಸಬೇಕೆಂಬುದು ಪರಿಹಾರದ ತೀರ್ಮಾನ. ಹೈಟಿಯ ಮೊದಲ ದಿನಗಳಲ್ಲಿ ಇವೆರಡೂ ಒಂದೇ ಮೇಜಿನ ಮೇಲೆ ಬಿದ್ದವು. ಟೀಕೆ ಎದ್ದ ಮೇಲೆ ಮಾನವೀಯ ನೆರವಿನ ವಿಮಾನಗಳಿಗೆ ಆದ್ಯತೆ ನೀಡುವ ಏರ್ಪಾಡಾಯಿತು. ಸೇನೆಗಳ ನೆರವನ್ನು ಕೇಳುವ ಬೇಡಿಕೆಗಳೆಲ್ಲ ಒಂದೇ ಕಡೆ ಸೇರಿ, ಅಲ್ಲಿಂದ ತಕ್ಕ ಪಡೆಗೆ ಹೋಗುವಂತೆ ವಿಶ್ವಸಂಸ್ಥೆಯ ನೆಲೆಯಲ್ಲಿ ಜಂಟಿ ಕಾರ್ಯಹಂಚಿಕೆ ಕೇಂದ್ರವೂ ಆರಂಭವಾಯಿತು. ಅರಳಿಮರ ಅವರೇ, ಮೊದಲು ಬಂದವರಿಗೆ ಮುಂದಾಳತ್ವ ವಹಿಸಬಾರದೇಕೆ ಎಂದು ಕೇಳಿದಿರಿ. ಮೊದಲು ಬಂದವರ ಬಳಿ ವಾಹನ ಇರುತ್ತದೆ, ಎಲ್ಲಿ ಯಾರಿಗೆ ಏನು ಬೇಕು ಎಂಬ ಪಟ್ಟಿ ಇರುವುದಿಲ್ಲ.

ಮುಂಗಾರುಮೋಡ:
ಈ ಮಾತು ನನಗೆ ಒಪ್ಪಿಗೆಯಾಯಿತು. ಮೊದಲಿನ ನನ್ನ ಪ್ರತಿಕ್ರಿಯೆಯಲ್ಲಿ ಅವಸರವಿತ್ತು. ಹಾಗಾದರೆ ಆ ಪಟ್ಟಿ ಯಾರ ಕೈಯಲ್ಲಿರಬೇಕು? ವಿಶ್ವಸಂಸ್ಥೆಯದೋ, ಸಂತ್ರಸ್ತ ದೇಶದ ಸರ್ಕಾರದ್ದೋ?

ಕಡಲಂಚು:
ಸರ್ಕಾರದ್ದು. 1991ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ 46/182ನೆಯ ನಿರ್ಣಯದಲ್ಲೇ ಇದು ಸ್ಪಷ್ಟವಾಗಿದೆ: ನೆರವು ಸಂತ್ರಸ್ತ ದೇಶದ ಒಪ್ಪಿಗೆಯಿಂದ ಬರಬೇಕು, ಅದರ ಆರಂಭ, ಸಂಘಟನೆ, ಸಮನ್ವಯಗಳಲ್ಲಿ ಆ ದೇಶದ ಪಾತ್ರವೇ ಪ್ರಧಾನ. ವಿಶ್ವಸಂಸ್ಥೆ ನೆರವಾಗಬಹುದು, ಯಜಮಾನಿಕೆ ಮಾಡುವಂತಿಲ್ಲ.

ಸೀಮೆಸುಣ್ಣ:
ಸರ್ಕಾರವೇ ಬಾಗಿಲು ಮುಚ್ಚಿದರೆ? 2008ರ ಮೇ ತಿಂಗಳಲ್ಲಿ ನರ್ಗಿಸ್ ಚಂಡಮಾರುತಕ್ಕೆ ಮ್ಯಾನ್ಮಾರ್‌ನ ಐರಾವತಿ ಮುಖಜಭೂಮಿಯಲ್ಲಿ ಸುಮಾರು 1,40,000 ಜನ ಸತ್ತರು ಅಥವಾ ಕಾಣೆಯಾದರು. ಅಮೆರಿಕ, ಫ್ರಾನ್ಸ್, ಬ್ರಿಟನ್ನಿನ ಯುದ್ಧನೌಕೆಗಳು ಹೆಲಿಕಾಪ್ಟರ್ ಸಮೇತ ಸಮುದ್ರದಲ್ಲಿ ಕಾದವು. ಸೇನಾಡಳಿತ ಅವುಗಳಿಗೆ ಅನುಮತಿ ನೀಡಲೇ ಇಲ್ಲ. ಜೂನ್ ತಿಂಗಳ ಆರಂಭದಲ್ಲಿ ಅಮೆರಿಕದ ಹಡಗುಗಳು ಹಿಂದಿರುಗಿದವು. ಆ ಮುಖಜಭೂಮಿಯಲ್ಲಿ ನೀರಿಗಾಗಿ ಕಾದು ಸತ್ತವರಿಗೆ ಒಪ್ಪಿಗೆಯ ತತ್ವವನ್ನು ವಿವರಿಸಲು ನಮ್ಮಲ್ಲಿ ಯಾರಿಗೆ ಸಾಧ್ಯ? ನುಗ್ಗಿಯಾದರೂ ನೆರವು ಕೊಡಬೇಕಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ.

ಕಡಲಂಚು:
ನಿಮ್ಮ ಸಂಕಟ ನನ್ನದೂ ಹೌದು. ಆಗಿನ ಫ್ರಾನ್ಸ್‌ನ ವಿದೇಶಾಂಗ ಸಚಿವ ಬರ್ನಾರ್ಡ್ ಕೂಶ್ನೆರ್, ಸರ್ಕಾರ ತನ್ನ ಜನರನ್ನು ಕಾಪಾಡದಿದ್ದರೆ ಹೊರಜಗತ್ತು ಕಾಪಾಡಬೇಕು ಎನ್ನುವ ‘ರಕ್ಷಿಸುವ ಹೊಣೆ’ಯ ತತ್ವವನ್ನು ಮುಂದಿಟ್ಟು ಹೆಚ್ಚುಕಡಿಮೆ ಇದೇ ವಾದವನ್ನು ಮಂಡಿಸಿದ್ದರು. ಆದರೆ ಒಪ್ಪಿಗೆಯಿಲ್ಲದೆ ಒಂದು ದೇಶದ ವಾಯುಪ್ರದೇಶದೊಳಕ್ಕೆ ಸೇನಾ ಹೆಲಿಕಾಪ್ಟರ್ ನುಗ್ಗಿಸಿದರೆ ಅದನ್ನು ಹೊಡೆದುರುಳಿಸುವ ಸಂಭವವಿರುತ್ತದೆ, ಆಮೇಲೆ ಅದು ಪರಿಹಾರ ಕಾರ್ಯವಾಗಿ ಉಳಿಯುವುದಿಲ್ಲ. ಕೊನೆಗೆ ದಾರಿ ತೆರೆದದ್ದು ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟವಾದ ಆಸಿಯಾನ್. ಆಸಿಯಾನ್, ಮ್ಯಾನ್ಮಾರ್ ಸರ್ಕಾರ, ವಿಶ್ವಸಂಸ್ಥೆ ಈ ಮೂವರ ಸಮಿತಿ ರಚನೆಯಾದ ಮೇಲೆ ಪರಿಹಾರ ಸಿಬ್ಬಂದಿಗೆ ವೀಸಾ ಸಿಗತೊಡಗಿತು, ಬಾಡಿಗೆಗೆ ಪಡೆದ ನಾಗರಿಕ ಹೆಲಿಕಾಪ್ಟರ್‌ಗಳು ಹಾರಿದವು. ತಡವಾಯಿತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ನೆರೆಹೊರೆಯವರ ನಡುವೆಯೂ ಇದು ಸಲೀಸಲ್ಲ. 2005ರ ಅಕ್ಟೋಬರ್ 8ರ ಭೂಕಂಪದಲ್ಲಿ ಪಾಕಿಸ್ತಾನ 73,000ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಭಾರತ ಹೆಲಿಕಾಪ್ಟರ್ ಕೊಡಲು ಮುಂದಾದಾಗ, ಭಾರತೀಯ ಚಾಲಕರಿಲ್ಲದೆ ಕೊಡಿ ಎಂದು ಪಾಕಿಸ್ತಾನ ಕೇಳಿತು, ಅದಕ್ಕೆ ಭಾರತ ಒಪ್ಪಲಿಲ್ಲ. ಎರಡೂ ಕಡೆಯ ಹಿಂಜರಿಕೆಯ ಕಾರಣ ಅರ್ಥವಾಗುವಂಥದ್ದೇ, ಆದರೆ ಗುಡ್ಡಗಳ ಮೇಲೆ ಜನ ಚಳಿಗಾಲವನ್ನು ಎದುರು ನೋಡುತ್ತಿದ್ದರು.

ಎಳೆಬಿಸಿಲು:
2015ರ ಭೂಕಂಪದ ವೇಳೆ ನೇಪಾಳಕ್ಕೆಂದು ಬ್ರಿಟನ್ ಕಳುಹಿಸಿದ ಮೂರು ಚಿನೂಕ್ ಹೆಲಿಕಾಪ್ಟರ್‌ಗಳು ಭಾರತದವರೆಗೆ ಬಂದು, ನೇಪಾಳದ ಅನುಮತಿ ಸಿಗದೆ ಹಾಗೆಯೇ ಮರಳಿದವು. ಆಗ ಪತ್ರಿಕೆಗಳಲ್ಲಿ ಓದಿ ಬಹಳ ಬೇಸರಪಟ್ಟಿದ್ದೆ.

ದೀಪಸ್ತಂಭ:
ಎಳೆಬಿಸಿಲು ಅವರೇ, ಆ ಪ್ರಸಂಗಕ್ಕೆ ರಾಜಕೀಯ ಕಾರಣಗಳೂ ಇದ್ದಿರಬಹುದು, ಆದರೆ ನೇಪಾಳ ಆಗ ಎದುರಿಸುತ್ತಿದ್ದ ಇಕ್ಕಟ್ಟನ್ನೂ ನೋಡಬೇಕು. ಹೊರಜಗತ್ತಿನಿಂದ ದೊಡ್ಡ ವಿಮಾನ ಇಳಿಯಲು ಇಡೀ ದೇಶಕ್ಕಿದ್ದದ್ದು ಕಠ್ಮಂಡುವಿನ ಒಂದೇ ರನ್‌ವೇ. ಭಾರಿ ಸಾರಿಗೆ ವಿಮಾನಗಳ ಹೊಡೆತಕ್ಕೆ ಅದು ಬಿರುಕುಬಿಡತೊಡಗಿದಾಗ, ಮೇ 3ರ ಹೊತ್ತಿಗೆ, 196 ಟನ್ನಿಗಿಂತ ಹೆಚ್ಚು ತೂಕದ ವಿಮಾನಗಳನ್ನು ನಿಷೇಧಿಸಬೇಕಾಯಿತು. ಹತ್ತಾರು ದೇಶಗಳು ತಮ್ಮ ತಮ್ಮ ಶೋಧ ತಂಡಗಳನ್ನು ಒಟ್ಟಿಗೇ ಕಳುಹಿಸಿದ್ದವು. ಏಪ್ರಿಲ್ 25ರ ಆ ಭೂಕಂಪದ ಕೆಲವೇ ಗಂಟೆಗಳಲ್ಲಿ ಆರಂಭವಾದ ಭಾರತದ ‘ಆಪರೇಷನ್ ಮೈತ್ರಿ’ಯೂ ಅದೇ ರನ್‌ವೇಯನ್ನು ಅವಲಂಬಿಸಿತ್ತು. ಇಂಥಲ್ಲಿ ನೆರವು ನೀಡಲು ಹೊರಟ ದೇಶ ಮೊದಲು ಕೇಳಬೇಕಾದದ್ದು ‘ನಮ್ಮದು ಈಗ ಬೇಕೇ’ ಎಂದು. ಬೇಡ ಎಂಬ ಉತ್ತರ ಬಂದರೆ ಅದನ್ನು ಅವಮಾನವೆಂದು ತಿಳಿಯಬಾರದು.

ನೇಪಾಳ ಸೇನೆ ಬಹುರಾಷ್ಟ್ರೀಯ ಸಮನ್ವಯ ಕೇಂದ್ರವನ್ನು ತೆರೆದು, ಬಂದ ವಿದೇಶಿ ಪಡೆಗಳಿಗೆ ಅಲ್ಲಿಂದಲೇ ಕೆಲಸ ಹಂಚಿತು. ಮೇ 12ರಂದು ಅಮೆರಿಕದ ಮರೀನ್ ಪಡೆಯ ಹೆಲಿಕಾಪ್ಟರೊಂದು ಪತನಗೊಂಡು ಆರು ಅಮೆರಿಕನ್ನರೂ ಇಬ್ಬರು ನೇಪಾಳಿ ಸೈನಿಕರೂ ಪ್ರಾಣ ತೆತ್ತರು. ಒಂದೇ ಹೆಲಿಕಾಪ್ಟರಿನಲ್ಲಿ ಎರಡು ದೇಶದವರು ಇದ್ದರು ಎಂಬುದನ್ನು ನಾನು ಮರೆಯಲಾರೆ. ಆತಿಥೇಯ ದೇಶದವರು ಜೊತೆಗಿದ್ದರೆ ಊರಿನ ಭಾಷೆ, ಕಣಿವೆಯ ದಾರಿ, ಯಾವ ಹಳ್ಳಿಗೆ ಇನ್ನೂ ಏನೂ ತಲುಪಿಲ್ಲ ಎಂಬ ಮಾಹಿತಿ ಎಲ್ಲವೂ ವಿಮಾನದೊಳಗೇ ಇರುತ್ತದೆ.

ಬೆಳ್ಳಿಚುಕ್ಕಿ:
ನಾನು ಮೂಳೆ ಶಸ್ತ್ರಚಿಕಿತ್ಸಕಿ. ಹಾದಿಹೋಕ ಅವರು ವಿಳಂಬದ ಅರ್ಥವನ್ನು ವೈದ್ಯರಿಂದ ಕೇಳಬೇಕೆಂದರು, ಆದ್ದರಿಂದ ಬರೆಯುತ್ತಿದ್ದೇನೆ. ಭೂಕಂಪದಲ್ಲಿ ಜಜ್ಜಿದ ಕಾಲಿಗೆ ಮೊದಲ ಒಂದೆರಡು ದಿನಗಳಲ್ಲಿ ಸರಿಯಾದ ಚಿಕಿತ್ಸೆ ಸಿಕ್ಕರೆ ಕಾಲು ಉಳಿಯುವ ಸಾಧ್ಯತೆ ಇರುತ್ತದೆ. ತಡವಾದಂತೆ ಸೋಂಕೂ ಮೂತ್ರಪಿಂಡದ ವೈಫಲ್ಯವೂ ಪ್ರಾಣಕ್ಕೇ ಎರವಾಗುತ್ತವೆ. ಹಾಗೆಂದು ಬಂದ ತಂಡವೆಲ್ಲ ಶಸ್ತ್ರಚಿಕಿತ್ಸೆಗೆ ತಕ್ಕದ್ದೆಂದು ಭಾವಿಸುವಂತಿಲ್ಲ. ಹೈಟಿಯಲ್ಲಿ ಸಿದ್ಧತೆಯಿಲ್ಲದ ತಂಡಗಳು ಅಂಗಚ್ಛೇದನ ಮಾಡಿ, ದಾಖಲೆಯನ್ನೂ ಉಳಿಸದೆ ಹೊರಟುಹೋದ ಕಹಿ ಅನುಭವದ ನಂತರವೇ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ವಿದೇಶಿ ವೈದ್ಯಕೀಯ ತಂಡಗಳಿಗೆ ಮಾನದಂಡಗಳನ್ನು ರೂಪಿಸಿತು. ಎರಡನೆಯ ದರ್ಜೆಯ ತಂಡವೆನಿಸಿಕೊಳ್ಳಲು ಕನಿಷ್ಠ 20 ಹಾಸಿಗೆ, ಒಂದು ಶಸ್ತ್ರಚಿಕಿತ್ಸಾ ಮೇಜು, ದಿನಕ್ಕೆ 7 ದೊಡ್ಡ ಅಥವಾ 15 ಸಣ್ಣ ಶಸ್ತ್ರಚಿಕಿತ್ಸೆ ನಡೆಸುವ ಸಾಮರ್ಥ್ಯ ಬೇಕು. ತಂಡ ಸೇನೆಯದಾದರೂ ನಾಗರಿಕರದ್ದಾದರೂ ಅಳತೆಗೋಲು ಒಂದೇ ಎಂಬುದು ನನಗೆ ಬಹಳ ಹಿಡಿಸಿದ ಅಂಶ.

2023ರ ಫೆಬ್ರವರಿಯಲ್ಲಿ ಟರ್ಕಿಯ ಇಸ್ಕೆಂದೆರೂನ್‌ನಲ್ಲಿ ಭಾರತೀಯ ಭೂಸೇನೆ ನಡೆಸಿದ ಕ್ಷೇತ್ರ ಆಸ್ಪತ್ರೆಯ ಬಗ್ಗೆ ನನಗೆ ಹೆಮ್ಮೆಯಿದೆ. ನಾನೇ ಒಮ್ಮೆ ಬೇರೊಂದು ದೇಶದಲ್ಲಿ, ಸೇನಾ ಆಸ್ಪತ್ರೆಯೊಂದು ತೆರವಾದ ಮರುವಾರ, ಅಲ್ಲಿ ಚಿಕಿತ್ಸೆ ಪಡೆದವರನ್ನು ನೋಡಿಕೊಂಡಿದ್ದೇನೆ. ಕಾಲಿನ ಹೊರಗೆ ಉಕ್ಕಿನ ಚೌಕಟ್ಟು ಬಿಗಿದಿದ್ದ ಹುಡುಗನ ಕೈಯಲ್ಲಿ ಆ ಪಡೆಯ ಭಾಷೆಯಲ್ಲಿ ಬರೆದ ಒಂದು ಚೀಟಿ ಇತ್ತು. ಚೌಕಟ್ಟನ್ನು ಯಾವಾಗ ತೆಗೆಯಬೇಕು ಎಂದು ಅದರಲ್ಲಿ ಇದ್ದಿರಬಹುದು, ಓದುವವರು ಯಾರೂ ಇರಲಿಲ್ಲ. ಕೆಲಸ ಚೆನ್ನಾಗಿಯೇ ಆಗಿತ್ತು, ಹಸ್ತಾಂತರ ಆಗಿರಲಿಲ್ಲ.

ಸೀಮೆಸುಣ್ಣ:
ಬೆಳ್ಳಿಚುಕ್ಕಿ ಮೇಡಂ, ಇದನ್ನು ಬರೆದದ್ದಕ್ಕೆ ಧನ್ಯವಾದ. ಆ ಹುಡುಗನ ಕಾಲು ಏನಾಯಿತು?

ಬೆಳ್ಳಿಚುಕ್ಕಿ:
ಹೊಸದಾಗಿ ಕ್ಷ-ಕಿರಣ ತೆಗೆದು ನಾವೇ ನಿರ್ಧರಿಸಿದೆವು. ಅವನು ನಡೆಯುತ್ತಾನೆ.

ಎಳೆಬಿಸಿಲು:
ಎಂಎಸ್ಎಫ್‌ನಂಥ ಸಂಸ್ಥೆಗಳು ಸೇನೆಯನ್ನು ಎಂದಿಗೂ ಹತ್ತಿರ ಸೇರಿಸುವುದಿಲ್ಲ ಎಂದು ಕೇಳಿದ್ದೇನೆ. ಹಾಗಿದ್ದರೆ ಸಮನ್ವಯ ಎಲ್ಲಿಂದ ಬಂತು?

ಹಾದಿಹೋಕ:
‘ಎಂದಿಗೂ’ ಎನ್ನುವಂತಿಲ್ಲ. ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಕೈಮೀರಿದಾಗ, 2014ರ ಸೆಪ್ಟೆಂಬರ್ 2ರಂದು, ಎಂಎಸ್ಎಫ್‌ನ ಅಂತರರಾಷ್ಟ್ರೀಯ ಅಧ್ಯಕ್ಷೆ ಜೊವಾನ್ ಲಿಯು ವಿಶ್ವಸಂಸ್ಥೆಯಲ್ಲಿ ನಿಂತು, ಜೈವಿಕ ಅಪಾಯವನ್ನು ಎದುರಿಸಬಲ್ಲ ನಾಗರಿಕ ಹಾಗೂ ಸೇನಾ ತಂಡಗಳನ್ನು ಕಳುಹಿಸಿ ಎಂದು ದೇಶಗಳನ್ನು ಬೇಡಿಕೊಂಡರು. ಸೇನೆಯಿಂದ ದೂರ ನಿಲ್ಲುವುದನ್ನೇ ರೂಢಿಯಾಗಿಸಿಕೊಂಡ ಸಂಸ್ಥೆ ಹಾಗೆ ಕೇಳಬೇಕಾಯಿತೆಂದರೆ ಪರಿಸ್ಥಿತಿ ಎಷ್ಟು ಹದಗೆಟ್ಟಿತ್ತೆಂದು ಊಹಿಸಿ. ನಿಜವಾದ ಅರ್ಥದ ಕೊನೆಯ ಆಯ್ಕೆ ಅದೇ.

ಕಡಲಂಚು:
ನೆರವೇ ಅಪಾಯ ತರಬಹುದು ಎಂಬುದಕ್ಕೆ ಟೊಂಗಾ ದ್ವೀಪರಾಷ್ಟ್ರವನ್ನೂ ನೆನೆಯಬೇಕು. 2022ರ ಜನವರಿಯ ಜ್ವಾಲಾಮುಖಿ ಸ್ಫೋಟ ಮತ್ತು ಸುನಾಮಿಯ ಹೊತ್ತಿಗೆ ಅಲ್ಲಿ ಕೋವಿಡ್ ಇರಲಿಲ್ಲವೆಂದೇ ಹೇಳಬೇಕು. ಸಾಮಗ್ರಿ ಹೊತ್ತು ಹೊರಟ ಆಸ್ಟ್ರೇಲಿಯಾದ ಅಡಿಲೇಡ್ ನೌಕೆಯಲ್ಲಿ 23 ಮಂದಿಗೆ ಸೋಂಕು ತಗುಲಿತ್ತು. ಟೊಂಗಾ ಸರ್ಕಾರ ಹಡಗನ್ನು ಬೇಡವೆನ್ನಲಿಲ್ಲ, ಆದರೆ ಮನುಷ್ಯ ಸಂಪರ್ಕವಿಲ್ಲದೆ ಸಾಮಗ್ರಿಯನ್ನಷ್ಟೇ ಇಳಿಸಬೇಕೆಂದು ಷರತ್ತು ಹಾಕಿತು, ಬಂದವರು ಅದನ್ನು ಪಾಲಿಸಿದರು. ಚಿಕ್ಕ ದೇಶವೊಂದು ಪಟ್ಟಿಯನ್ನು ತನ್ನ ಕೈಯಲ್ಲೇ ಉಳಿಸಿಕೊಂಡ ಬಗೆ ಇದು.

ಅರಳಿಮರ:
ಎಲ್ಲರಿಗೂ ಕೃತಜ್ಞತೆಗಳು. ‘ಯಾರು ಮೊದಲು ಬರುತ್ತಾರೆ’ ಎಂಬಲ್ಲಿ ಆರಂಭಿಸಿದ ನನ್ನ ಪ್ರಶ್ನೆ ಈಗ ‘ಯಾರ ಪಟ್ಟಿಯ ಮೇರೆಗೆ ಹಾರುತ್ತಾರೆ’ ಎಂದು ಬದಲಾಗಿದೆ. ಒಂದನ್ನು ಮಾತ್ರ ಕೇಳಿ ಸುಮ್ಮನಾಗುತ್ತೇನೆ: ಆ ಪಟ್ಟಿ ವಾಸ್ತವದಲ್ಲಿ ಹೇಗಿರುತ್ತದೆ? ಸೈನಿಕರೂ ಸ್ವಯಂಸೇವಕರೂ ಒಂದೇ ಕಾಗದವನ್ನು ಓದುತ್ತಾರೆಯೇ?

ಹಾದಿಹೋಕ:
ನಾನು ಕಂಡದ್ದನ್ನು ಹೇಳುತ್ತೇನೆ. ದಿನಕ್ಕೊಂದು ಸಭೆ, ಒಂದು ನಮೂನೆ. ಅದರಲ್ಲಿ ಸರಕಿನ ಹೆಸರು, ತೂಕ, ಗಾತ್ರ, ಎಲ್ಲಿಂದ ಎಲ್ಲಿಗೆ, ಅಲ್ಲಿ ಇಳಿಸಿಕೊಳ್ಳುವವರು ಯಾರು, ಆದ್ಯತೆ ಎಷ್ಟನೆಯದು ಎಂಬಿಷ್ಟೇ ಇರುತ್ತದೆ. ನನ್ನ ಮೊದಲ ನಮೂನೆಯಲ್ಲಿ ‘ತುರ್ತು ಔಷಧ, ಒಂದು ಲಾರಿಯಷ್ಟು’ ಎಂದು ಬರೆದಿದ್ದೆ. ಸೇನೆಯ ಸಂಪರ್ಕಾಧಿಕಾರಿ ಅದನ್ನು ಹಿಂದಿರುಗಿಸಿ, ‘ಲಾರಿಯ ಲೆಕ್ಕ ನನಗೆ ತಿಳಿಯದು, ಕಿಲೋಗಳಲ್ಲಿ ಹೇಳಿ, ಇಳಿಯುವ ಜಾಗದ ಅಕ್ಷಾಂಶ ರೇಖಾಂಶ ಕೊಡಿ’ ಎಂದರು. ಆ ಕ್ಷಣ ಸಿಟ್ಟು ಬಂತು. ಆಮೇಲೆ ತೂಕ ಮಾಡಿ ನೋಡಿದರೆ, ಅರ್ಧ ಭಾಗ ಬಾಟಲಿ ನೀರೇ ಆಗಿತ್ತು. ನೀರನ್ನು ಕೆಳಗಿಳಿಸಿ, ಶುದ್ಧೀಕರಣ ಮಾತ್ರೆಗಳನ್ನು ಏರಿಸಿ, ಉಳಿದ ಜಾಗದಲ್ಲಿ ಇಬ್ಬರು ದಾದಿಯರನ್ನು ಕಳುಹಿಸಿದೆವು.

ದೀಪಸ್ತಂಭ:
ಆ ಸಂಪರ್ಕಾಧಿಕಾರಿಯ ಪರವಾಗಿ ಒಂದು ಮಾತು. ಮಧ್ಯಮ ಗಾತ್ರದ ಹೆಲಿಕಾಪ್ಟರ್ ಹೆಚ್ಚೆಂದರೆ ನಾಲ್ಕು ಟನ್ ಹೊರುತ್ತದೆ. ಎತ್ತರದ ಕಣಿವೆಯಲ್ಲಿ, ಬಿಸಿಲೇರಿದ ಮೇಲೆ, ಅದಕ್ಕಿಂತ ಎಷ್ಟೋ ಕಡಿಮೆ. ಆದ್ದರಿಂದಲೇ ಬೆಳಗಿನ ಮೊದಲ ಹಾರಾಟಕ್ಕೆ ಅತಿ ಭಾರದ, ಅತಿ ಮುಖ್ಯವಾದ ಸರಕನ್ನು ಇಡುತ್ತೇವೆ. ನಿಮ್ಮ ನಮೂನೆ ಹಿಂದಿನ ಸಂಜೆಯೇ ನಮ್ಮ ಕೈಗೆ ಬಂದರೆ ಇಂಧನದ ಲೆಕ್ಕ ರಾತ್ರಿಯೇ ಮುಗಿಯುತ್ತದೆ.

ಹಾದಿಹೋಕ:
ಸಂಜೆ ಎಷ್ಟು ಗಂಟೆಯೊಳಗೆ, ಸರ್?

ದೀಪಸ್ತಂಭ:
ಆರರೊಳಗೆ.